ಅವ್ವನ ಕರಡಿಗೆ

(ಕಡಬದಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೋದ ತಿಂಗಳ ಗೋಷ್ಠಿಯಲ್ಲಿ ತಾಯತ, ಮಂತ್ರಿಸಿದ ದಾರ, ಹರಕೆ ಇವುಗಳ ಬಗ್ಗೆ ಮಾತು ಬಂತು. ಆಗ ಒಬ್ಬ ತರುಣ ಬಂಧು ನನ್ನನ್ನು ನೇರವಾಗಿ ಕೇಳಿದರು: "ಸರ್, ದಾರ ಕಟ್ಟಬೇಡಿ ಅನ್ನುತ್ತೀರಿ. ನಿಮ್ಮ ಮನೆಯ ಅಮ್ಮನವರು ಆಸ್ಪತ್ರೆಗೆ ಹೋಗುವಾಗ ಒಂದು ಬೆಳ್ಳಿ ಕರಡಿಗೆ ಹಿಡಿದುಕೊಂಡೇ ಹೋಗುತ್ತಾರೆ. ಅದೂ ತಾಯತವೇ ಅಲ್ಲವೆ?" ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದರು. ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲವಾದ್ದರಿಂದ ಈ ತಿಂಗಳು ಸಮಯ ಕೇಳಿಕೊಂಡೆ. ಇಲ್ಲಿ ಹೇಳುವುದನ್ನೆಲ್ಲ ನನ್ನ ಮಡದಿಗೆ ಮೊದಲೇ ಓದಿ ಹೇಳಿ, ಒಪ್ಪಿಗೆ ಪಡೆದು ಬಂದಿದ್ದೇನೆ.

ನಾವು ಹಾವೇರಿ ಕಡೆಯವರು. ಶಿಕ್ಷಕನ ಕೆಲಸ ನನ್ನನ್ನು ಈ ಸೀಮೆಗೆ ತಂದಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಈ ನೆಲಕ್ಕೆ ಲಿಂಗವಂತರು ಹೊಸಬರಲ್ಲ. ಸುಳ್ಯ, ಪುತ್ತೂರು ಸೀಮೆಯ ಭಾಗಗಳು 1834ರವರೆಗೆ ಹಾಲೇರಿ ಅರಸರ ಕೊಡಗಿಗೆ ಸೇರಿದ್ದವು. ಆ ಅರಸರು ಲಿಂಗಧಾರಿಗಳು. 1837ರಲ್ಲಿ ಸುಳ್ಯದ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದಾಗ ಮುಂದಿಟ್ಟುಕೊಂಡದ್ದು ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರನ್ನು. ಆದರೂ ಇಂದು ಇಲ್ಲಿ ನಮ್ಮ ಮನೆಗಳು ಬೆರಳೆಣಿಕೆಯಷ್ಟು. ಕಾಯಿಲೆ ಬಂದಾಗ ತವರಿನವರು ದೂರ. ಬಾಗಿಲಿಗೆ ಮೊದಲು ಬರುವವರು ತುಳು, ಅರೆಭಾಷೆ, ಬ್ಯಾರಿ ಮಾತಾಡುವ ನೆರೆಯವರು. ಅವರ ಉಪಕಾರವನ್ನು ಮೊದಲು ನೆನೆದು ಮುಂದಿನದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಮಡದಿಯ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಕಡಬದಿಂದ ಹೊರಟು, ಆಲಂಕಾರು ದಾಟಿ, ಶಾಂತಿಮೊಗರಿನಲ್ಲಿ ಕುಮಾರಧಾರೆಯ ಸೇತುವೆ ದಾಟಿ ಪುತ್ತೂರು ಸೇರಬೇಕು. ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ನೀರನ್ನು ಅಳೆದು ಕುಡಿಯಬೇಕು. ಎಳನೀರು, ಬಾಳೆಹಣ್ಣು ಬೇಡ. ತೆಂಗು ಬಾಳೆಗಳ ಊರಿನಲ್ಲಿ ಬಂದವರು ಪ್ರೀತಿಯಿಂದ ತರುವುದೇ ಅವೆರಡನ್ನು!

ಡಯಾಲಿಸಿಸ್‌ಗಾಗಿ ತೋಳಿನ ಶುದ್ಧ ರಕ್ತನಾಳವನ್ನೂ ಅಶುದ್ಧ ರಕ್ತನಾಳವನ್ನೂ ಕೂಡಿಸಿ ಫಿಸ್ಟುಲಾ ಮಾಡುತ್ತಾರೆ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಎಡಗೈಯಲ್ಲಿ. ಆ ಕೈಯಲ್ಲಿ ಭಾರ ಎತ್ತಬಾರದು, ಬಿ.ಪಿ. ನೋಡಬಾರದು, ಬಿಗಿಯಾದ ಬಳೆ, ಗಡಿಯಾರ ಹಾಕಬಾರದು. ಸೂಜಿ ಚುಚ್ಚಿದ ಮೇಲೆ ನಾಲ್ಕು ಗಂಟೆ ಅಲುಗಿಸದೆ ಇಡಬೇಕು. ಶರಣ ಬಂಧುಗಳೆ, ನಾವು ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಹಾಗಾಗಿ ಆಕೆ ನಸುಕಿನಲ್ಲೇ ಎದ್ದು ಮನೆಯಲ್ಲಿ ಪೂಜೆ ಮುಗಿಸಿ, ಲಿಂಗವನ್ನು ಕೊರಳಲ್ಲಿ ಧರಿಸಿಯೇ ಹೊರಡುತ್ತಾರೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಎಡಗೈ ಯಂತ್ರಕ್ಕೆ. ಖಾಲಿ ಉಳಿಯುವ ಬಲಗೈಯಲ್ಲಿ ನಮ್ಮ ತರುಣ ಬಂಧು ಕಂಡ ಆ ಕರಡಿಗೆ.

ಅದು ನನ್ನ ಅತ್ತೆಯವರದು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವರ ಕಾಯಕ. ಕೂಲಿಯಲ್ಲಿ ಉಳಿಸಿದ ರೂಪಾಯಿಗಳನ್ನು ವರ್ಷಗಟ್ಟಲೆ ಕೂಡಿಟ್ಟು ಬೆಳ್ಳಿಯ ಕರಡಿಗೆ ಮಾಡಿಸಿಕೊಂಡರು. ಅಲ್ಲಿಯವರೆಗೆ ಅವರ ಲಿಂಗ ಇದ್ದದ್ದು ಬಿಳಿ ವಸ್ತ್ರದ ಗಂಟಿನಲ್ಲಿ. ಕರಡಿಗೆಯ ಮುಚ್ಚಳದ ಮೇಲೆ ಒಂದು ತಗ್ಗು ಇದೆ. ನನ್ನ ಮಡದಿ ಆರೇಳು ವರ್ಷದ ಹುಡುಗಿಯಾಗಿದ್ದಾಗ ಕಲ್ಲಿನ ಮೇಲೆ ಬೀಳಿಸಿದ್ದರ ಗುರುತು ಅದು. ಅತ್ತೆಯವರು ಲಿಂಗೈಕ್ಯರಾದಾಗ ನಮ್ಮ ಪದ್ಧತಿಯಂತೆ ಅವರ ಇಷ್ಟಲಿಂಗ ಅವರೊಂದಿಗೆ ಸಮಾಧಿಗೆ ಹೋಯಿತು. ಕರಡಿಗೆ ಮಗಳ ಕೈಗೆ ಬಂತು. ಅಂದಿನಿಂದ ಅದು ಖಾಲಿ. ಇದನ್ನು ಗಮನದಲ್ಲಿಡಿ. ಅದರೊಳಗೆ ಲಿಂಗವಿಲ್ಲ, ಭಸ್ಮವಿಲ್ಲ, ಬರೆದ ತಗಡೂ ಇಲ್ಲ.

ಕಾಯಿಲೆಯ ಸುದ್ದಿ ತಿಳಿದ ಮೇಲೆ ಸಲಹೆಗಳು ಬಂದವು. ಕುಕ್ಕೆ ಸುಬ್ರಹ್ಮಣ್ಯ ಇರುವುದು ನಮ್ಮ ಕಡಬ ತಾಲೂಕಿನಲ್ಲೇ. ಆಶ್ಲೇಷಾ ಬಲಿ, ಸರ್ಪಸಂಸ್ಕಾರಕ್ಕೆಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಬಾಗಿಲಲ್ಲೇ ಇರುವ ನೀವೇಕೆ ಮಾಡಿಸಬಾರದು ಎಂದರು. ಪ್ರಶ್ನೆ ಇಡಿಸಿ ಎಂದರು. ಅವರ ನಂಬಿಕೆ ಅವರದು, ಅದನ್ನು ಹಳಿಯಲು ನಾನು ನಿಂತಿಲ್ಲ. ನಮ್ಮ ದಾರಿ ಬೇರೆ ಎಂದು ಕೈಮುಗಿದು ಹೇಳಿದೆವು. ಒಬ್ಬ ಅಜ್ಜಿ ಮಾತ್ರ ಮಂತ್ರಿಸಿದ ದಾರ ತಂದೇಬಿಟ್ಟರು. "ಮಾಷ್ಟ್ರೆ, ಅಕ್ಕನ ಎಡಕೈಗೆ ಕಟ್ಟಿ, ಮೂರು ವಾರ ಬಿಚ್ಚಬಾರದು" ಎಂದರು. ಡಯಾಲಿಸಿಸ್‌ನ ಸಿಸ್ಟರ್ ಏನು ಹೇಳಿದ್ದರು? ಆ ಕೈಗೆ ಏನನ್ನೂ ಬಿಗಿದು ಕಟ್ಟಬಾರದು, ರಕ್ತದ ಹರಿವು ನಿಂತರೆ ಫಿಸ್ಟುಲಾ ಹೋಯಿತು. ನನ್ನ ಮಡದಿ ಅಜ್ಜಿಯ ಕೈ ಹಿಡಿದು ತಮ್ಮ ಮಣಿಕಟ್ಟಿನ ಮೇಲೆ ಇರಿಸಿಕೊಂಡರು. ಒಳಗೆ ರಕ್ತ ಗುಂಯ್‌ಗುಡುವುದು ಬೆರಳಿಗೆ ತಿಳಿಯುತ್ತದೆ. "ಅಜ್ಜಿ, ನನ್ನ ಜೀವ ಈಗ ಇಲ್ಲಿ ಹರೀತದ. ಇದರ ಮ್ಯಾಲೆ ದಾರ ಕಟ್ಟೂದು ಬ್ಯಾಡ" ಎಂದರು. ಅಜ್ಜಿಗೆ ಅರ್ಥವಾಯಿತು. ಈಗ ಅವರೇ ವಾರಕ್ಕೊಮ್ಮೆ ಬಂದು ಆ ಕೈ ಮುಟ್ಟಿ ನೋಡಿ ಹೋಗುತ್ತಾರೆ.

ಇನ್ನೊಂದು ಪ್ರಸಂಗ. ಊರಿನಿಂದ ಬಂದ ನಮ್ಮದೇ ಬಂಧು ಒಬ್ಬರು, ಹಾಸಿಗೆಯ ಪಕ್ಕದಲ್ಲಿದ್ದ ಕರಡಿಗೆಗೆ ಕುಂಕುಮ ಹಚ್ಚಿ ಹೂವು ಏರಿಸಿ ಕೈಮುಗಿದರು. ಮಡದಿ ಹೂವು ತೆಗೆದು, ಸೆರಗಿನಿಂದ ಕುಂಕುಮ ಒರೆಸಿ ಹೇಳಿದರು: "ಇದು ದೇವರಲ್ಲವ್ವಾ, ನಮ್ಮವ್ವನ ಕರಡಿಗಿ. ಇವತ್ತು ಕುಂಕುಮ ಹಚ್ಚಿದ್ರ ನಾಳೆ ಇದಕ್ಕೂ ಒಂದು ಹರಕಿ ಹುಟ್ತೈತಿ." ಗಂಡನಿಗೇ ದಾರಿ ತೋರಿಸಿದ ಆಯ್ದಕ್ಕಿ ಲಕ್ಕಮ್ಮನವರ ಪರಂಪರೆ ನಮ್ಮದು. ನಮ್ಮ ಮನೆಯಲ್ಲಿಯೂ ತತ್ವದ ಕಾವಲು ಹೆಣ್ಣುಮಗಳ ಕೈಯಲ್ಲೇ ಇದೆ.

ಹಾಗಾದರೆ ವ್ಯತ್ಯಾಸವೇನು? ತಾಯತ ಒಂದು ಭರವಸೆ ಕೊಡುತ್ತದೆ: ಇದನ್ನು ಕಟ್ಟಿಕೋ, ಗುಣವಾಗುತ್ತದೆ ಎಂದು. ಕರಡಿಗೆ ಯಾವ ಭರವಸೆಯನ್ನೂ ಕೊಟ್ಟಿಲ್ಲ. ರಕ್ತದ ಪರೀಕ್ಷೆಯಲ್ಲಿ ಅದರಿಂದ ಒಂದು ಅಂಕಿಯೂ ಬದಲಾಗಿಲ್ಲ, ಬದಲಾಗುತ್ತದೆಂದು ಆಕೆ ಕಾದಿಲ್ಲ. ತಾಯತದ ಜೊತೆಗೆ ಭಯ ಬರುತ್ತದೆ. ಬಿಚ್ಚಿದರೆ ಕೇಡು, ಕಳೆದರೆ ಕೇಡು. ಒಂದು ದಿನ ಕರಡಿಗೆ ಮನೆಯಲ್ಲೇ ಉಳಿಯಿತು. ಆಕೆಗೆ ಬೇಸರವಾಯಿತು, ಭಯವಾಗಲಿಲ್ಲ. ತಾಯತವನ್ನು ಮತ್ತೊಬ್ಬರು ದಕ್ಷಿಣೆ ಪಡೆದು ಕೊಡುತ್ತಾರೆ, ಅದರ ಶಕ್ತಿ ಎಲ್ಲಿಂದ ಬಂತೆಂದು ಕೇಳುವಂತಿಲ್ಲ. ಈ ಕರಡಿಗೆ ಎಲ್ಲಿಂದ ಬಂತೆಂದು ನಮಗೆ ಗೊತ್ತು. ಮೆಣಸಿನಕಾಯಿಯ ಘಾಟಿನಲ್ಲಿ ಕುಳಿತು ದುಡಿದ ಒಬ್ಬ ತಾಯಿಯ ಕೂಲಿಯಿಂದ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಾಲ್ಕನೆಯ ತಿಂಗಳು, ಜೋರು ಮಳೆಯ ಒಂದು ಮುಂಜಾನೆ, ಆಕೆ "ಸಾಕ್ರೀ, ಇನ್ನ ನಾ ಬರಂಗಿಲ್ಲ" ಎಂದು ಕುಳಿತುಬಿಟ್ಟರು. ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನನ್ನಲ್ಲಿ ಮಾತಿರಲಿಲ್ಲ. ಬಹಳ ಹೊತ್ತು ಕರಡಿಗೆಯ ತಗ್ಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಇದ್ದು, ಆಮೇಲೆ ಹೇಳಿದರು: "ನಮ್ಮವ್ವ ರಾತ್ರಿಯೆಲ್ಲಾ ಕೈ ಉರೀತಾವ ಅಂತ ಕೊಬ್ಬರಿಎಣ್ಣಿ ಹಚ್ಕೊಂಡು ಮಲಗ್ತಿದ್ಲು. ಮುಂಜಾನೆದ್ದು ಮತ್ತ ತೊಟ್ಟು ಬಿಡಿಸಾಕ ಹೋಗ್ತಿದ್ಲು. ನಡೀರಿ, ಬಸ್ ತಪ್ತೈತಿ." ತಾಯತ ಎಷ್ಟೋ ಜನರನ್ನು ಆಸ್ಪತ್ರೆಯಿಂದ ದೂರ ಇಟ್ಟಿದೆ. ಈ ಖಾಲಿ ಕರಡಿಗೆ ಒಬ್ಬರನ್ನು ಆಸ್ಪತ್ರೆಗೆ ಎಬ್ಬಿಸಿ ಕಳಿಸಿತು. ನೆನಪಿನಿಂದ ಬಂದ ಧೈರ್ಯ ಅದು, ಪವಾಡವಲ್ಲ.

ಅರಿವಿನ ಕುರುಹು ಇಷ್ಟಲಿಂಗ ಒಂದೇ. ಅದರ ಸ್ಥಾನವನ್ನು ಯಾವ ನೆನಪಿನ ವಸ್ತುವೂ ತೆಗೆದುಕೊಳ್ಳಬಾರದು. ಹಾಗೆಂದು ತಾಯಿಯ ನೆನಪನ್ನು ಎದೆಗೆ ಒತ್ತಿಕೊಳ್ಳುವವರನ್ನು ಮೌಢ್ಯದವರೆಂದು ಕರೆದರೆ ನಮ್ಮ ಸುಧಾರಣೆ ಒಣಗಿದ ಕಟ್ಟಿಗೆಯಾಗುತ್ತದೆ. ನೊಂದವರ ಕೈಯಲ್ಲಿ ಏನಾದರೂ ಕಂಡರೆ ಕಸಿದುಕೊಳ್ಳುವ ಮೊದಲು ಅದರ ಕಥೆ ಕೇಳಿ. ಅದು ಅವರನ್ನು ಭಯಕ್ಕೆ ಒಯ್ಯುತ್ತಿದೆಯೋ ಬದುಕಿಗೆ ಒಯ್ಯುತ್ತಿದೆಯೋ ನೋಡಿ. ಅಷ್ಟು ಪರೀಕ್ಷೆ ಸಾಕು.

ಕೊನೆಗೆ ಎರಡು ಬೇಡಿಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆರಡೇ ಮೂತ್ರಪಿಂಡವನ್ನು ಹೆಚ್ಚಾಗಿ ಹಾಳುಮಾಡುವುದು. ಇವು ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಎರಡನೆಯದು, ನಿಮ್ಮ ಊರಿನಲ್ಲಿ ಯಾರಾದರೂ ಡಯಾಲಿಸಿಸ್‌ಗೆ ಹೋಗುತ್ತಿದ್ದರೆ, ಜಾತಿ ಧರ್ಮ ಕೇಳದೆ, "ಈ ವಾರ ಒಂದು ದಿನ ನಿಮ್ಮ ಬದಲು ನಾನು ಜೊತೆಗೆ ಹೋಗುತ್ತೇನೆ" ಎಂದು ಆ ಮನೆಯವರಿಗೆ ಹೇಳಿ. ಇಂದಿನ ದಾಸೋಹ ಅದೂ ಹೌದು. ಗೋಷ್ಠಿ ಮುಗಿದ ಮೇಲೆ ಇಲ್ಲಿಯೇ ಒಂದು ಪಟ್ಟಿ ಮಾಡೋಣ. ಕಡಬ, ಸುಳ್ಯ, ಪುತ್ತೂರಿನವರು ತಮಗೆ ಬಿಡುವಿರುವ ದಿನವನ್ನು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.