ಪೊಟ್ಟಣದ ಬೆನ್ನಿನಿಂದ ಶುರುಮಾಡೋಣ



ಆಶಯ ಭಾಷಣ ಮಾಡುವವರಿಗೆ ಒಂದು ಅನುಕೂಲವಿದೆ. ಮುಂದಿನ ಗೋಷ್ಠಿಗಳಲ್ಲಿ ಯಾರು ಏನು ಮಂಡಿಸುತ್ತಾರೆಂದು ತಿಳಿಯದಿದ್ದರೂ ಅವರಿಗೆಲ್ಲ ಕೆಲಸ ಹಚ್ಚಿ ಕುಳಿತುಬಿಡಬಹುದು. ಆ ಸಲುಗೆಯನ್ನು ನಾನು ಧಾರಾಳವಾಗಿ ಬಳಸಿಕೊಳ್ಳಲಿದ್ದೇನೆ.

ಪರಿಸರಸ್ನೇಹಿ ಎಂದು ಹೇಳಿಕೊಳ್ಳುವ ಕುರುಕಲು ತಿಂಡಿಯ ಬ್ರ್ಯಾಂಡೊಂದು ಹೊಸ ರೂಪ ಬೇಕೆಂದು ನಮ್ಮ ಬಳಿ ಬಂತು ಎನ್ನಿ. ನಾವು ಮೊದಲು ಕೈಹಾಕುವುದು ಲೋಗೊಕ್ಕೆ. ಆಮೇಲೆ ಬಣ್ಣ, ಅಕ್ಷರ, ಪೊಟ್ಟಣದ ಮುಂಬದಿ. ಸಮಯ ಉಳಿದರೆ ಹಿಂಬದಿ. ತಿಂದು ಮುಗಿದ ಮೇಲೆ ಪೊಟ್ಟಣ ಎಲ್ಲಿಗೆ ಹೋಗುತ್ತದೆ ಎಂಬುದು ಯಾರ ಮೇಜಿಗೂ ಬರುವುದೇ ಇಲ್ಲ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ವಾದ. ಕಸದ ಬುಟ್ಟಿಯಿಂದ ಶುರುಮಾಡಿ, ಪೊಟ್ಟಣದ ಬೆನ್ನನ್ನು ಮೊದಲು ಬರೆದು, ಲೋಗೊಕ್ಕೆ ಕೊನೆಗೆ ಬರೋಣ.

ನನ್ನ ಮುಖ್ಯ ಸಾಕ್ಷಿ ಅಮೆರಿಕದ್ದು: ಫ್ರಿಟೊ-ಲೇ ಕಂಪನಿಯ ಸನ್‌ಚಿಪ್ಸ್. 1991ರಲ್ಲಿ ಮಾರುಕಟ್ಟೆಗೆ ಬಂದ ಬಹುಧಾನ್ಯದ ಚಿಪ್ಸ್ ಅದು. ಹೆಸರಿನಲ್ಲೇ ಸೂರ್ಯನಿದ್ದಾನೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿರುವ ಕಾರ್ಖಾನೆಗೆ ಬಿಸಿಲಿನ ಶಾಖದಿಂದ ಹಬೆ ಮಾಡುವ ವ್ಯವಸ್ಥೆ ಬಂತು. ಆ ಹಬೆಯನ್ನು ಚಿಪ್ಸ್ ತಯಾರಿಕೆಗೆ ಬಳಸಿದರು. ಹೆಸರು, ಲಾಂಛನ, ಕಾರ್ಖಾನೆ ಮೂರೂ ಒಂದೇ ಮಾತಾಡತೊಡಗಿದವು. ಹೊಂದದೆ ಉಳಿದದ್ದು ಪೊಟ್ಟಣ ಮಾತ್ರ. 2010ರಲ್ಲಿ ಅದನ್ನೂ ಬದಲಿಸಿದರು. ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ, ಅದರ ಹಾಳೆಯಿಂದ ಮಾಡಿದ ಪೊಟ್ಟಣ ಅಂಗಡಿಗೆ ಬಂತು. ಚೆನ್ನಾಗಿ ಬಿಸಿಯೇರಿದ ಗೊಬ್ಬರದ ರಾಶಿಯಲ್ಲಿ ಸುಮಾರು 14 ವಾರಗಳಲ್ಲಿ ಕೊಳೆತುಹೋಗುತ್ತದೆ ಎಂದು ಕಂಪನಿ ಹೇಳಿತು.

ಆದರೆ ಪೊಟ್ಟಣ ಸದ್ದು ಮಾಡಿತು. ಕೈ ಹಾಕಿದರೆ ಸಾಕು, ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ಅಮೆರಿಕದ ವಾಯುಪಡೆಯ ಪೈಲಟ್ ಒಬ್ಬರು ಮಾಪಕ ಹಿಡಿದು ಅಳೆದು, 95 ಡೆಸಿಬೆಲ್ ಎಂದು ವಿಡಿಯೊ ಹಾಕಿದರು. ಫೇಸ್‌ಬುಕ್‌ನಲ್ಲಿ ಈ ಪೊಟ್ಟಣವನ್ನು ಲೇವಡಿ ಮಾಡಲೆಂದೇ ಗುಂಪು ಹುಟ್ಟಿ, ಸಾವಿರಗಟ್ಟಲೆ ಜನ ಸೇರಿದರು. ಬದಲಾವಣೆಯ ಸದ್ದು ಹೀಗೇ ಇರುತ್ತದೆ ಎಂಬರ್ಥದ ಫಲಕಗಳನ್ನು ಕಂಪನಿ ಅಂಗಡಿಗಳಲ್ಲಿ ತೂಗುಹಾಕಿತು. ಜಾಣ ಮಾತು, ಮಾರಾಟ ಮಾತ್ರ ಇಳಿಯುತ್ತಲೇ ಹೋಯಿತು. 2010ರ ಅಕ್ಟೋಬರ್‌ನಲ್ಲಿ ಒಂದು ರುಚಿಯ ಚಿಪ್ಸ್ ಬಿಟ್ಟು ಉಳಿದೆಲ್ಲವೂ ಹಳೆಯ ಪೊಟ್ಟಣಕ್ಕೆ ಮರಳಿದವು. ಕೆನಡಾದಲ್ಲಿ ಹೊಸ ಪೊಟ್ಟಣ ಉಳಿಯಿತು. 2011ರಲ್ಲಿ ಎರಡು ಪದರಗಳ ನಡುವೆ ರಬ್ಬರಿನಂಥ ಅಂಟು ಹಾಕಿ ಸದ್ದು ತಗ್ಗಿಸಿದ ಪೊಟ್ಟಣ ಬಂತು.

ಸದ್ದು ಏಕೆ ಬಂತು? ಮಾಮೂಲಿ ಚಿಪ್ಸ್ ಪೊಟ್ಟಣದ ಪಾಲಿಪ್ರೊಪಿಲೀನ್ ಕೋಣೆಯ ಉಷ್ಣತೆಯಲ್ಲಿ ಬಳುಕುವ ಸ್ಥಿತಿಯಲ್ಲಿರುತ್ತದೆ. ಪಿಎಲ್‌ಎ ಬಳುಕಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬೇಕು; ಅದಕ್ಕಿಂತ ಕೆಳಗೆ ಅದು ಗಾಜಿನ ಸ್ವಭಾವದ ಬಿರುಸು ವಸ್ತು. ಮಡಿಚಿದಲ್ಲೆಲ್ಲ ಚಟಪಟ ಎನ್ನುತ್ತದೆ. ಇದು ಪಾಲಿಮರ್ ಪಠ್ಯಪುಸ್ತಕದಲ್ಲೇ ಇರುವ ಸಂಗತಿ, ಗುಟ್ಟೇನಲ್ಲ. ಪೊಟ್ಟಣ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನೋಡಿದಷ್ಟು ಶ್ರದ್ಧೆಯಿಂದ ಕಿವಿಗೆ ಹೇಗೆ ಕೇಳುತ್ತದೆ ಎಂದು ನೋಡಿದ್ದರೆ ಇದು ಅಂಗಡಿಗೆ ಹೋಗುವ ಮುನ್ನವೇ ಗೊತ್ತಾಗುತ್ತಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ‘ಜನಕ್ಕೆ ಪರಿಸರ ಬೇಡ, ಅನುಕೂಲ ಬೇಕು’ ಎಂಬ ಷರಾದೊಂದಿಗೆ ಹೇಳುತ್ತಾರೆ. ನನಗೆ ಅದು ಸೋಮಾರಿ ತೀರ್ಮಾನ ಅನ್ನಿಸುತ್ತದೆ. ಆ ಗದ್ದಲದಲ್ಲಿ ಮುಳುಗಿಹೋದ ಪ್ರಶ್ನೆ ಬೇರೆ: ಚಿಪ್ಸ್ ತಿಂದವರ ಮನೆಯ ಹತ್ತಿರ ಆ ಬಿಸಿ ಗೊಬ್ಬರದ ರಾಶಿ ಎಲ್ಲಿದೆ? ಹಿತ್ತಲಿನ ಗುಂಡಿಯ ಶಾಖ ಪಿಎಲ್‌ಎಗೆ ಸಾಲುವುದು ಕಷ್ಟ. ಕಾರ್ಖಾನೆ ಮಟ್ಟದ ಕಾಂಪೋಸ್ಟ್ ಘಟಕಕ್ಕೆ ಪೊಟ್ಟಣವನ್ನು ತಲುಪಿಸುವ ದಾರಿಯೇ ಇಲ್ಲದಿದ್ದರೆ, ಅದರ ಮೇಲೆ ಬರೆದದ್ದು ನಿಜವಿದ್ದೂ ಉಪಯೋಗಕ್ಕೆ ಬಾರದು.

ಅದೇ ಪ್ರಶ್ನೆಯನ್ನು ನಮ್ಮ ಊರಿನಲ್ಲಿಟ್ಟು ನೋಡಿ. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ವಿಧಿಸಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್‌ನಂಥ ನೈರ್ಮಲ್ಯದ ಕಸ, ಚೀಲಕ್ಕೆ ಒಣ ಕಸ. ಕಾಂಪೋಸ್ಟ್ ಆಗುವ ಚಿಪ್ಸ್ ಪೊಟ್ಟಣ ಇವುಗಳಲ್ಲಿ ಯಾವುದಕ್ಕೆ? ಹಸಿ ಕಸಕ್ಕೆ ಹಾಕಿದರೆ, ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುವುದರಿಂದ ಪೌರಕಾರ್ಮಿಕರು ಅದನ್ನು ಎತ್ತಿ ಆಚೆ ಹಾಕುತ್ತಾರೆ. ಅವರು ಮಾಡುವುದು ಸರಿಯೇ. ಅವರಿಗೆ ಹೇಳಿಕೊಟ್ಟಿರುವುದೇ ಹಾಗೆ. ಒಣ ಕಸಕ್ಕೆ ಹಾಕಿದರೆ, ಮರುಬಳಕೆಗೆ ಹೋಗುವ ಪ್ಲಾಸ್ಟಿಕ್ ಜೊತೆ ಬೆರೆತು ಅದನ್ನೂ ಕೆಡಿಸುತ್ತದೆ. ಒಣ ಕಸ ಕೇಂದ್ರದ ಮೇಜಿನ ಮುಂದೆ ನಿಂತು ಕಸ ವಿಂಗಡಿಸುವ ಹೆಣ್ಣುಮಗಳಿಗೆ ಒಂದು ಪೊಟ್ಟಣದ ಮೇಲೆ ಸಿಗುವುದು ಕಣ್ಣು ಹಾಯುವಷ್ಟು ಹೊತ್ತು. ನಾವು ಬರೆದದ್ದನ್ನು ಮೊದಲು ಓದುವವಳು ಅವಳೇ. ಸೂಪರ್‌ಮಾರ್ಕೆಟ್ಟಿನ ಗಿರಾಕಿ ಆಮೇಲೆ. ಈ ಎರಡು ದಿನಗಳಲ್ಲಿ ಒಂದು ಗೋಷ್ಠಿಗಾದರೂ ಅಂಥ ಒಬ್ಬರನ್ನು ಕರೆಸಿ ಮಾತಾಡಿಸಬೇಕೆಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ. ಕರೆಸಿದರೆ ಅವರಿಗೂ ನಮಗೆ ಕೊಡುವಷ್ಟೇ ಗೌರವಧನ ಕೊಡಬೇಕು.

ಇನ್ನು ಖಾಕಿ ಕಾಗದದ ಮಾತು. ಇವತ್ತು ಸಾವಯವ ಅಂಗಡಿಗೆ ಹೋದರೆ ಸಿರಿಧಾನ್ಯದ ಚಕ್ಕುಲಿ, ರಾಗಿ ನಿಪ್ಪಟ್ಟು, ಬಾಳೆಕಾಯಿ ಚಿಪ್ಸ್ ಎಲ್ಲವೂ ಕಂದು ಕಾಗದದ ಚೀಲದಲ್ಲಿರುತ್ತವೆ. ಮುಂದೊಂದು ಕಿಟಕಿ, ಮೇಲೊಂದು ಜಿಪ್. ನೋಡಿದರೆ ಹಳ್ಳಿಯ ಸಂತೆಯ ನೆನಪು. ಚೀಲವನ್ನು ಹರಿದು ನೋಡಿ: ಒಳಗೆ ಪ್ಲಾಸ್ಟಿಕ್ ಪದರ, ಕಿಟಕಿಯೂ ಪ್ಲಾಸ್ಟಿಕ್. ಪದರ ಬೇಕೇ ಬೇಕು, ತಕರಾರಿಲ್ಲ. ಎಣ್ಣೆಯಲ್ಲಿ ಕರಿದದ್ದಕ್ಕೆ ಗಾಳಿ, ಬೆಳಕು, ತೇವ ತಾಗಿದರೆ ಗರಿಗರಿ ಹೋಗಿ ಕಮಟು ವಾಸನೆ ಬರುತ್ತದೆ. ಅದಕ್ಕೇ ಮಾಮೂಲಿ ಪೊಟ್ಟಣದಲ್ಲಿ ತೆಳ್ಳನೆಯ ಅಲ್ಯುಮಿನಿಯಂ ಲೇಪ ಇರುತ್ತದೆ, ಒಳಗೆ ನೈಟ್ರೋಜನ್ ತುಂಬುತ್ತಾರೆ. ತಿಂಡಿಯೇ ಕೆಟ್ಟರೆ ಬೆಳೆದ ಧಾನ್ಯ, ಸುರಿದ ಎಣ್ಣೆ, ಉರಿಸಿದ ಇಂಧನ ಎಲ್ಲವೂ ದಂಡ. ಪೊಟ್ಟಣ ಉಳಿಸಿದ ಪುಣ್ಯ ಅದರ ಮುಂದೆ ಏನೂ ಅಲ್ಲ.

ನನ್ನ ತಕರಾರು ಆ ಖಾಕಿಯ ವೇಷದ ಬಗ್ಗೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರ ಫೆಬ್ರುವರಿಯಲ್ಲಿ ಸೇರಿಸಿದ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಪೊಟ್ಟಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಗಟ್ಟಿ ಪ್ಲಾಸ್ಟಿಕ್ ಮೊದಲನೆಯದು. ಬಳುಕುವ, ಬರೀ ಪ್ಲಾಸ್ಟಿಕ್ಕಿನ ಪೊಟ್ಟಣ ಎರಡನೆಯದು. ಪ್ಲಾಸ್ಟಿಕ್ ಜೊತೆ ಬೇರೆ ವಸ್ತುವಿನ ಪದರ ಕೂಡಿದ್ದು ಮೂರನೆಯದು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ನಾಲ್ಕನೆಯದು. ಪ್ಲಾಸ್ಟಿಕ್ ಒಳಪದರದ ಖಾಕಿ ಚೀಲ ಬಂದು ಕೂರುವುದು ಮೂರನೆಯ ವರ್ಗದಲ್ಲಿ, ಅಂದರೆ ಬಿಡಿಸಲು ಅತಿ ಕಷ್ಟವಾದ, ಬಹುಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಉರಿದುಹೋಗುವ ವರ್ಗದಲ್ಲಿ. ಪಕ್ಕದ ಶೆಲ್ಫಿನಲ್ಲಿ ನಾಚಿಕೆಯಿಲ್ಲದೆ ಪ್ಲಾಸ್ಟಿಕ್ಕಿನಂತೆ ಕಾಣುವ, ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಪೊಟ್ಟಣಕ್ಕೆ ಮರುಬಳಕೆಯ ದಾರಿ ಇದಕ್ಕಿಂತ ಸಲೀಸು. ಪರಿಸರಸ್ನೇಹಿಯಾಗಿ ಕಾಣುವುದಕ್ಕೂ ಆಗಿರುವುದಕ್ಕೂ ನಡುವಿನ ಅಂತರಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. ಖಾಕಿ ಬೇಕೆಂದು ಹಟ ಹಿಡಿಯುವ ಗಿರಾಕಿಗೆ ಇದನ್ನು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅಂಥ ಗಿರಾಕಿಯಿಂದ ನಮಗೆ ಬರಬೇಕಾದ ಬಿಲ್ಲಿನ ಹಣ ಬಾಕಿ ಇರುತ್ತದೆ, ಅದೂ ಗೊತ್ತು.

ಬೇರೆ ದಾರಿಗಳಿಲ್ಲವೆಂದಲ್ಲ. ಇಂಗ್ಲೆಂಡಿನ ಹೆರ್‌ಫರ್ಡ್‌ಶೈರಿನ ಟು ಫಾರ್ಮರ್ಸ್ ಎಂಬ ಚಿಪ್ಸ್ ಬ್ರ್ಯಾಂಡ್ ಮರದ ತಿರುಳಿನ ಸೆಲ್ಯುಲೋಸ್ ಹಾಳೆಯಲ್ಲಿ ಪೊಟ್ಟಣ ಮಾಡಿತು. ಅದೇ ದೇಶದಲ್ಲಿ 2018ರಲ್ಲಿ ಜನ ವಾಕರ್ಸ್ ಕಂಪನಿಯ ಖಾಲಿ ಚಿಪ್ಸ್ ಪೊಟ್ಟಣಗಳನ್ನು ಅಂಚೆ ಡಬ್ಬಕ್ಕೆ ಹಾಕಿ ಕಂಪನಿಗೇ ವಾಪಸ್ ಕಳಿಸತೊಡಗಿದರು. ಲಕೋಟೆಯೊಳಗಾದರೂ ಇಟ್ಟು ಕಳಿಸಿ ಎಂದು ಅಲ್ಲಿನ ಅಂಚೆ ಸಂಸ್ಥೆ ಬೇಡಿಕೊಳ್ಳಬೇಕಾಯಿತು. ಆ ವರ್ಷ ಮುಗಿಯುವ ಮೊದಲೇ ಕಂಪನಿ ಪೊಟ್ಟಣ ಸಂಗ್ರಹಿಸುವ ಯೋಜನೆ ಶುರುಮಾಡಿತು.

ಈಗ ಲೋಗೊಕ್ಕೆ ಬರುತ್ತೇನೆ. ಹಸಿರು ಎಲೆಯನ್ನು ಇನ್ನು ಸಾಕು ಮಾಡೋಣ. ನಮ್ಮ ದೇಶದ ತಿಂಡಿಯ ಪೊಟ್ಟಣದ ಮೇಲೆ ಹಸಿರು ಆಗಲೇ ಕೆಲಸದಲ್ಲಿದೆ: ಚೌಕದೊಳಗಿನ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ. ಸಾವಯವಕ್ಕೆ ‘ಜೈವಿಕ್ ಭಾರತ್’ ಗುರುತೂ ಇದೆ. ಇಷ್ಟರ ನಡುವೆ ನಾವು ಬಿಡಿಸಿದ ಎಲೆ ಗಿರಾಕಿಗೆ ಸಸ್ಯಾಹಾರ ಎನ್ನುತ್ತದೋ, ಆಯುರ್ವೇದ ಎನ್ನುತ್ತದೋ, ಪುದೀನ ರುಚಿ ಎನ್ನುತ್ತದೋ ಹೇಳಬರುವುದಿಲ್ಲ. ಸರ್ಕಾರವೇ 1991ರಲ್ಲಿ ‘ಇಕೊಮಾರ್ಕ್’ ತಂದಾಗ ಎಲೆಯ ಗೊಡವೆಗೆ ಹೋಗದೆ ಮಣ್ಣಿನ ಮಡಕೆಯನ್ನು ಗುರುತಾಗಿ ಆರಿಸಿತು. ಗುರುತು ಜನಪ್ರಿಯವಾಗಲಿಲ್ಲ, ಆ ಮಾತು ಬೇರೆ. ಆದರೆ ವಿನ್ಯಾಸವಾಗಿ ಅದು ನಮ್ಮ ಎಷ್ಟೋ ಎಲೆಗಳಿಗಿಂತ ಮೇಲು.

ಲೋಗೊ ಬದಲಿಸುವ ಮೊದಲು ಟ್ರಾಪಿಕಾನಾ ಹಣ್ಣಿನ ರಸದ ಕಥೆಯನ್ನೂ ಒಮ್ಮೆ ನೆನೆಯಬೇಕು. 2009ರ ಜನವರಿಯಲ್ಲಿ ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಲೋಟದ ಚಿತ್ರ ಹಾಕಿದರು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20 ಕುಸಿದು, ಹಳೆಯದು ವಾಪಸ್ ಬಂತು. ರಸ ಅದೇ, ಬೆಲೆ ಅದೇ; ಶೆಲ್ಫಿನಲ್ಲಿ ಜನರ ಕೈ ಹುಡುಕುತ್ತಿದ್ದ ಗುರುತು ಕಾಣಲಿಲ್ಲ, ಅಷ್ಟೆ. ಪರಿಸರದ ಹೆಸರಿನಲ್ಲಿ ಪೊಟ್ಟಣದ ವಸ್ತುವನ್ನೂ ಮುಖವನ್ನೂ ಒಟ್ಟಿಗೇ ಬದಲಿಸುವವರು ಇದರ ಅಪಾಯವನ್ನು ಎರಡು ಪಟ್ಟು ಹೊರುತ್ತಾರೆ. ವಸ್ತು ಬದಲಾಗಲಿ, ಮುಖ ಒಂದಷ್ಟು ಕಾಲ ಹಾಗೇ ಇರಲಿ ಎಂಬುದು ನನ್ನ ಸಲಹೆ.

ಮೂರು ಬಾಣಗಳ ಮರುಬಳಕೆ ಚಿಹ್ನೆಯ ಬಗ್ಗೆಯೂ ಎಚ್ಚರ ಬೇಕು. 1970ರಲ್ಲಿ ಒಂದು ಸ್ಪರ್ಧೆಗಾಗಿ ಗ್ಯಾರಿ ಆ್ಯಂಡರ್ಸನ್ ಎಂಬ ವಿದ್ಯಾರ್ಥಿ ಬರೆದದ್ದು ಅದು. ಇವತ್ತಿಗೂ ಅದಕ್ಕಿಂತ ಸೊಗಸಾದ ಚಿಹ್ನೆ ವಿರಳ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಅಂಥದೇ ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗಿನ ಸಂಖ್ಯೆ ಹಾಕಿತು. ಆ ಸಂಖ್ಯೆ ಹೇಳುವುದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಮಾತ್ರ. ಮರುಬಳಕೆ ಆಗುತ್ತದೆ ಎಂದು ಜನ ಓದಿದರು, ಇನ್ನೂ ಹಾಗೇ ಓದುತ್ತಿದ್ದಾರೆ. 7 ಎಂದರೆ ‘ಇತರೆ’, ಅಂದರೆ ಬಹುಮಟ್ಟಿಗೆ ಯಾರಿಗೂ ಬೇಡದ್ದು.

ಮಾತಿಗೂ ಈಗ ಕಾವಲು ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಸೋಗಿನ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಪರಿಸರಸ್ನೇಹಿ, ಹಸಿರು, ಸುಸ್ಥಿರ ಎಂಬ ಮಾತುಗಳನ್ನು ವಿವರಣೆ ಮತ್ತು ಪುರಾವೆ ಇಲ್ಲದೆ ಬಳಸುವಂತಿಲ್ಲ. ಬರೀ ಬಣ್ಣ, ಬರೀ ಚಿತ್ರ ಮೋಸ ಮಾಡದಿದ್ದರೆ ಅದಕ್ಕೆ ರಿಯಾಯಿತಿ ಇದೆ. ಈ ರಿಯಾಯಿತಿಯ ಸಂದಿಯಲ್ಲಿ ನುಸುಳುವ ಜಾಣತನ ನಮ್ಮ ವೃತ್ತಿಯಲ್ಲಿ ಬೇಕಾದಷ್ಟಿದೆ. ಮಾತು ತೆಗೆದು ಎಲೆ ಉಳಿಸಿದರಾಯಿತು ಎನ್ನುವವರು ನಾಳೆಯೇ ಬರುತ್ತಾರೆ.

ಹಾಗಾದರೆ ಬೆನ್ನಿನ ಮೇಲೆ ಏನು ಬರೆಯಬೇಕು? ಪೊಟ್ಟಣ ಯಾವುದರಿಂದ ಆಗಿದೆ, ಯಾವ ಬುಟ್ಟಿಗೆ ಹಾಕಬೇಕು, ಕಾಂಪೋಸ್ಟ್ ಎಂದರೆ ಎಲ್ಲಿ ಆಗುತ್ತದೆ. ಇದು ಕನ್ನಡದಲ್ಲಿರಬೇಕು. ಆಹಾರದ ಲೇಬಲ್ ನಿಯಮ ಇಂಗ್ಲಿಷ್ ಅಥವಾ ಹಿಂದಿ ಸಾಕು ಎನ್ನುತ್ತದೆ, ಬೇರೆ ಭಾಷೆಗೆ ಅಡ್ಡಿಯಿಲ್ಲ; ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವನ್ನೂ ಕೇಳುತ್ತದೆ. ಇಲ್ಲಿ ಮುದ್ರಣದ ಒಂದು ತೊಡಕಿದೆ. ಲೇಪವಿಲ್ಲದ ಕಾಗದದ ಮೇಲೆ ಫ್ಲೆಕ್ಸೊ ಮುದ್ರಣದಲ್ಲಿ ಶಾಯಿ ಹರಡುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳ ಹೊಟ್ಟೆ ತುಂಬಿ ಮುದ್ದೆಯಾಗುತ್ತದೆ. ಆದ್ದರಿಂದ ಕನ್ನಡವನ್ನು ಇಂಗ್ಲಿಷಿನ ಅಳತೆಗೇ ಇಳಿಸಿ ಮೂಲೆಗೆ ತುರುಕಬಾರದು. ಸ್ವಲ್ಪ ದೊಡ್ಡ ಅಳತೆ, ಒತ್ತಿಗೆ ಜಾಗ ಬಿಡುವ ಸಾಲಿನ ಅಂತರ, ಒಳಬಯಲು ವಿಶಾಲವಾಗಿರುವ ಫಾಂಟ್ ಬೇಕು. ಅದೃಷ್ಟಕ್ಕೆ ‘ಒಣ ಕಸ’, ‘ಹಸಿ ಕಸ’ ಎರಡರಲ್ಲೂ ಒತ್ತೇ ಇಲ್ಲ, ಎಂಥ ಕಾಗದದ ಮೇಲೂ ನಿಲ್ಲುತ್ತವೆ.

ಕೊನೆಯದಾಗಿ, ಯಾವ ಪ್ರಸ್ತಾವನೆಯಲ್ಲೂ ಕಾಣದ ಒಂದು ಲೆಕ್ಕ. ಗ್ರೇವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಬೇಕು, ರೋಲುಗಳನ್ನು ಕ್ವಿಂಟಲ್ ಲೆಕ್ಕದಲ್ಲಿ ಅಚ್ಚು ಹಾಕಿಸಬೇಕು. ಲೋಗೊ ಬದಲಾದ ದಿನ ಗೋದಾಮಿನಲ್ಲಿ ಉಳಿದ ಹಳೆಯ ರೋಲುಗಳೆಲ್ಲ ತಿಂಡಿಯ ಮುಖವನ್ನೇ ನೋಡದೆ ಕಸವಾಗುತ್ತವೆ. ಪರಿಸರಸ್ನೇಹಿ ಮರುವಿನ್ಯಾಸದ ಮೊದಲ ಕಸ ಅದೇ. ದೊಡ್ಡ ಕಂಪನಿ ಇದನ್ನು ಖರ್ಚಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಚಕ್ಕುಲಿ, ಕೋಡುಬಳೆ ಮಾಡುವ ಸ್ತ್ರೀಶಕ್ತಿ ಗುಂಪಿಗೆ ಮೊದಲ ರೋಲಿಗೇ ದುಡ್ಡಿರುವುದಿಲ್ಲ. ಅವರು ಅಚ್ಚಿಲ್ಲದ ಚೀಲ ಕೊಂಡು ಮೇಲೊಂದು ಕಾಗದದ ಸ್ಟಿಕರ್ ಅಂಟಿಸುತ್ತಾರೆ. ಪ್ಲಾಸ್ಟಿಕ್ ಮೇಲಿನ ಆ ಕಾಗದ, ಆ ಅಂಟು ಮರುಬಳಕೆಗೆ ಅಡ್ಡಿ. ಚೀಲದ ವಸ್ತುವಿನದೇ ಸ್ಟಿಕರ್ ಮಾಡಿಸಬಹುದೇ, ಹತ್ತು ಗುಂಪುಗಳು ಸೇರಿ ಒಂದೇ ರೋಲು ಅಚ್ಚು ಹಾಕಿಸಿ ಗುಂಪಿನ ಹೆಸರನ್ನಷ್ಟೇ ಬೇರೆಯಾಗಿ ಒತ್ತಬಹುದೇ, ಎರಡೇ ಬಣ್ಣದಲ್ಲಿ ನಿಲ್ಲುವ ಲೋಗೊ ಕೊಡಬಹುದೇ? ಇವಕ್ಕೆ ಉತ್ತರ ನನ್ನ ಬಳಿ ಪೂರ್ತಿ ಇಲ್ಲ. ಮುದ್ರಣದವರು, ವಿನ್ಯಾಸದವರು, ತಿಂಡಿ ಮಾಡುವವರು ಮೂವರೂ ಒಂದೇ ಕೋಣೆಯಲ್ಲಿ ಕುಳಿತಿರುವುದು ಅಪರೂಪ. ಮೊದಲ ಗೋಷ್ಠಿಯವರು ಈ ಲೆಕ್ಕದಿಂದಲೇ ಶುರುಮಾಡಬೇಕೆಂದು ಕೋರಿ, ಮೈಕನ್ನು ಅವರಿಗೆ ಬಿಟ್ಟುಕೊಡುತ್ತೇನೆ.