ಉದ್ದಿನ ಬೇರಿನಲ್ಲಿರುವ ಗೊಬ್ಬರ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಓದಿ ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರ ಅಪೇಕ್ಷೆ. ಅವರ ಅನುಮತಿ ಪಡೆದು ಸಾರಜನಕದ ಬಗ್ಗೆ ಹೇಳುತ್ತೇನೆ. ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮಾಸ್ಟ್ರು ಬೋರ್ಡಿನ ಮೇಲೆ ಬರೆದ ಸಾರಜನಕ ಚಕ್ರದ ಚಿತ್ರದಲ್ಲಿ ಒಂದು ಬಾಣ ಈಗ ನಮ್ಮ ಬೈಲಿನಲ್ಲಿ ಅಳಿಸಿಹೋಗುತ್ತಿದೆ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಆದರೆ ಭತ್ತದ ಗಿಡ ಅದನ್ನು ನೇರವಾಗಿ ಬಳಸಲಾರದು. ಅದರ ಎರಡು ಪರಮಾಣುಗಳು ಮೂರು ಕೊಂಡಿಗಳಿಂದ ಗಟ್ಟಿಯಾಗಿ ಅಂಟಿಕೊಂಡಿವೆ. ಅವನ್ನು ಬಿಡಿಸಲು ಕಾರ್ಖಾನೆಯಲ್ಲಿ ಭಾರೀ ಶಾಖ, ಭಾರೀ ಒತ್ತಡ ಬೇಕು. ಪಣಂಬೂರಿನ ಕಾರ್ಖಾನೆಯಲ್ಲಿ 1976ರಿಂದ ಯೂರಿಯಾ ತಯಾರಾಗುವುದು ಹಾಗೆ.

ಅದೇ ಕೆಲಸವನ್ನು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಉದ್ದಿನ ಬೇರಿನ ಗಂಟಿನೊಳಗೆ ಸದ್ದಿಲ್ಲದೆ ಮಾಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಅಮೋನಿಯಾ ಕೊಡುತ್ತದೆ. ಮಕ್ಕಳೇ, ಹೂ ಬಿಡುವ ಹೊತ್ತಿಗೆ ಒಂದು ಉದ್ದಿನ ಗಿಡವನ್ನು ಮಣ್ಣು ಸಮೇತ ಎತ್ತಿ, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಮಣಿಪಾಲದ ಮುರಕಲ್ಲಿನ ಗುಡ್ಡದಿಂದ ಸ್ವರ್ಣಾ ನದಿಯ ಕಡೆಗೆ ಇಳಿದರೆ ಬೆಟ್ಟು, ಮಜಲು, ಬೈಲು ಗದ್ದೆಗಳು. ನಮ್ಮ ಹಿರಿಯರು ಏಣೇಲು ಕೊಯ್ದ ಮೇಲೆ ಗದ್ದೆಯ ಪಸೆಯಲ್ಲೇ ಉದ್ದು ಬಿತ್ತುತ್ತಿದ್ದರು. ಬೇರೆ ನೀರು ಬೇಕಿರಲಿಲ್ಲ. ಮನೆಗೆ ಇಡ್ಲಿ, ದೋಸೆಗೆ ಉದ್ದಾಯಿತು. ಗದ್ದೆಯಲ್ಲಿ ಉಳಿದ ಬೇರು, ಸೊಪ್ಪು ಕೊಳೆತು ಮುಂದಿನ ಭತ್ತಕ್ಕೆ ಗೊಬ್ಬರವಾಯಿತು.

ಇಲ್ಲಿ ಒಂದು ಕಿವಿಮಾತು. ಗಿಡದ ಸಾರಜನಕದ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ. ನಾವು ಗಿಡವನ್ನು ಬೇರು ಸಮೇತ ಕಿತ್ತು ಅಂಗಳಕ್ಕೆ ತಂದರೆ ಗದ್ದೆಗೆ ಉಳಿಯುವುದು ಅಲ್ಪ. ಬುಡದಲ್ಲಿ ಕೊಯ್ದು ಬೇರನ್ನು ಮಣ್ಣಲ್ಲೇ ಬಿಟ್ಟರೆ, ಬಡಿದು ಉಳಿದ ಹೊಟ್ಟನ್ನು ಹಟ್ಟಿಯ ಮೂಲಕವಾದರೂ ಗದ್ದೆಗೆ ಮರಳಿಸಿದರೆ ಲೆಕ್ಕ ಸರಿಹೋಗುತ್ತದೆ.

ಯೂರಿಯಾ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಶೇ. 46 ಸಾರಜನಕವಿದೆ, ಬೆಳೆಗೆ ಬೇಗ ಸಿಗುತ್ತದೆ. ಆದರೆ ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಜೋರು ಮಳೆಗೆ ಮುಂಚೆ ಎರಚಿದ್ದು ತೋಡಿಗೆ ಹರಿಯುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಮತ್ತೆ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಸೊಪ್ಪು, ಹಟ್ಟಿಗೊಬ್ಬರ ನಿಧಾನವಾಗಿ ಕೊಳೆಯುವುದರಿಂದ ಗಿಡಕ್ಕೆ ಸ್ವಲ್ಪ ಸ್ವಲ್ಪವೇ ಸಿಗುತ್ತಾ ಹೋಗುತ್ತದೆ. ಹಿರಿಯರು ಗುಡ್ಡೆಯಿಂದ ಸೊಪ್ಪು ಹೊತ್ತದ್ದು ವ್ಯರ್ಥವಲ್ಲ.

ಇವತ್ತು ಬೈಲಿನಲ್ಲಿ ಎಷ್ಟೋ ಗದ್ದೆ ಹಡಿಲು ಬಿದ್ದಿದೆ. ಏಣೇಲು ಮಾಡುವವರೂ ಉದ್ದು ಬಿತ್ತುವುದನ್ನು ಬಿಡುತ್ತಿದ್ದಾರೆ. ಆಳು ಸಿಗುವುದಿಲ್ಲ, ನವಿಲಿನ ಕಾಟ, ಅಂಗಡಿಯಲ್ಲಿ ಉದ್ದು ಸಿಗುತ್ತದೆ. ಕಾರಣಗಳು ಸುಳ್ಳಲ್ಲ. ಆದರೂ 2021ರಲ್ಲಿ ಉಡುಪಿಯ ಹಡಿಲು ಭೂಮಿ ಕೃಷಿ ಆಂದೋಲನದಲ್ಲಿ ಪಾಳುಬಿದ್ದ ಗದ್ದೆಗಳಲ್ಲಿ ಭತ್ತ ಬೆಳೆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾಗಿ ಪರವೂರಿನಲ್ಲಿರುವ ನನ್ನಂಥ ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಹಡಿಲು ಗದ್ದೆಗಳಲ್ಲಿ ಒಂದನ್ನು ಈ ಶಾಲೆಯ ಮಕ್ಕಳಿಗೆ ಒಂದು ಉದ್ದಿನ ಬೆಳೆಯ ಮಟ್ಟಿಗೆ ಬಿಟ್ಟುಕೊಡಿ. ಎರಡೂವರೆ ತಿಂಗಳ ಮಾತು. ಬೀಜ, ಉಳುಮೆಯ ಖರ್ಚು ನಮ್ಮ ಬ್ಯಾಚಿನವರದ್ದು. ಬೆಲ್ಲದ ನೀರಿನಲ್ಲಿ ರೈಜೋಬಿಯಂ ಕಲಸಿ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿ ಬಿತ್ತುವ ಕ್ರಮವನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ಕೇಳಿ ತಿಳಿಯೋಣ. ಬಂದ ಉದ್ದು ಶಾಲೆಯ ಬಿಸಿಯೂಟಕ್ಕಿರಲಿ.

ಊರಿನ ಹಿರಿಯರು ಗದ್ದೆಗೆ ಬಂದು ಮಕ್ಕಳಿಗೆ ಬಿತ್ತುವುದನ್ನು ತೋರಿಸಿಕೊಡಬೇಕು. ಅದು ನಮ್ಮ ಪಠ್ಯಪುಸ್ತಕದಲ್ಲಿಲ್ಲ.