ಚಳಿಯ ರಾತ್ರಿಗಳು



ಹಳೆಯ ಸಂಸಾರದ ಚಿತ್ರ ಹಾಕಿದರೆ ಮನೆಯಲ್ಲಿ ಯಾರಾದರೂ ಕೇಳುತ್ತಾರೆ, ‘ಬರೀ ಅಳು, ಯಾಕೆ ನೋಡಬೇಕು?’

1955ರ ಹಾಂಗ್‌ಕಾಂಗ್ ಚಿತ್ರ ‘ಕೋಲ್ಡ್ ನೈಟ್ಸ್’, ಅಂದರೆ ಚಳಿಯ ರಾತ್ರಿಗಳು, ನೋಡಲು ಕೂತಾಗ ನನ್ನೊಳಗೂ ಅದೇ ಪ್ರಶ್ನೆಯಿತ್ತು. ಭಾಷೆ ಕ್ಯಾಂಟನೀಸ್. ಬಾ ಜಿನ್ ಅವರ ಕಾದಂಬರಿಯನ್ನು ಲೀ ಸುನ್‌ಫುಂಗ್ ತೆರೆಗೆ ತಂದರು.

ಜಪಾನಿನೊಡನೆ ಚೀನಾ ಯುದ್ಧದಲ್ಲಿದ್ದ ಕಾಲ. ಚೊಂಗ್‌ಚಿಂಗ್ ನಗರ. ಗಂಡನಿಗೆ ಕ್ಷಯ. ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ. ಅತ್ತೆಗೆ ಸೊಸೆಯನ್ನು ಕಂಡರಾಗದು.

ಆದರೆ ಈ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅತ್ತೆ, ಸೊಸೆ ಇಬ್ಬರಿಗೂ ಅವನ ಮೇಲೆ ಪ್ರಾಣ. ಆ ಪ್ರೀತಿಯ ನಡುವೆಯೇ ಅವನು ನಲುಗುತ್ತಾನೆ. ಯಾರಿಗೂ ನೋವಾಗದಿರಲಿ ಎಂದು ಸುಮ್ಮನಿರುತ್ತಾನೆ. ಆ ಮೌನ ಇಬ್ಬರನ್ನೂ ನೋಯಿಸುತ್ತದೆ. ಇಂಥ ಮೌನ ನಮಗೇನು ಹೊಸದೇ? ನಮ್ಮ ಎಷ್ಟೋ ಊಟದ ಮನೆಗಳಲ್ಲಿ ಅದು ದಿನವೂ ಕೂತಿರುತ್ತದೆ.

ಸೊಸೆಯಾಗಿ ಪಾಕ್ ಯಿನ್ ಅವರ ಅಭಿನಯ ಮನಸ್ಸಿಗಿಳಿಯುತ್ತದೆ. ಕಥೆಯ ನಡೆ ನಿಧಾನ, ನಿಜ. ಜೀವ ಸವೆಯುವುದೂ ನಿಧಾನವಾಗಿಯೇ ಅಲ್ಲವೇ?

ನೋಡಬಹುದಾದ ಚಿತ್ರ, ಖಂಡಿತ. ಬಿಡುವಾದಾಗ ಒಮ್ಮೆ ನೋಡಿ. ಆದರೆ ಒಬ್ಬರೇ ಬೇಡ, ಮನೆಯವರ ಜೊತೆ ಕೂತು ನೋಡಿ.